ಬಾಯಲ್ಲಿ ಎಲ್ಲಾ ಹೇಳುತ್ತಾನೆ, ಪೇಪರಿನಲ್ಲಿ ಏನೂ ಇರುವುದಿಲ್ಲ: ಮಗನ ಬರವಣಿಗೆ ಬಗ್ಗೆ ದಾರಿ ಹೇಳಿ

ಭಾಂಡುಪ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಕುಂದಾಪುರದ ಕಡೆಯವರು. ಹನ್ನೆರಡು ವರ್ಷದಿಂದ ಮುಂಬಯಿಯ ಭಾಂಡುಪ್‌ನಲ್ಲಿದ್ದೇವೆ. ಮಗನಿಗೆ ಒಂಬತ್ತು ವರ್ಷ ನಾಲ್ಕು ತಿಂಗಳು. ಇಂಗ್ಲಿಷ್ ಮೀಡಿಯಂ, ಸ್ಟೇಟ್ ಬೋರ್ಡ್, ನಾಲ್ಕನೇ ಕ್ಲಾಸು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಇಲ್ಲಿ ನಾಲ್ಕನೇ ಕ್ಲಾಸಿನ ಇತಿಹಾಸ ಅಂದರೆ ಇಡೀ ವರ್ಷ ಶಿವಾಜಿ ಮಹಾರಾಜರದೇ ಪಾಠ. ನನ್ನ ಮಗನಿಗೆ ಅದು ಪ್ರಾಣ. ರಾತ್ರಿ ಊಟಕ್ಕೆ ಕೂತರೆ ಶುರು. ಪ್ರತಾಪಗಡಕ್ಕೆ ಅಫ್ಜಲ್ ಖಾನ್ ಹೇಗೆ ಬಂದ, ಮಹಾರಾಜರು ಅಂಗಿಯೊಳಗೆ ಕವಚ ಯಾಕೆ ಹಾಕಿಕೊಂಡಿದ್ದರು, ಪನ್ಹಾಳಗಡದಿಂದ ವಿಶಾಲಗಡಕ್ಕೆ ಮಳೆಯಲ್ಲಿ ಹೇಗೆ ಹೋದರು, ಅವರ ಸರದಾರ ಬಾಜಿ ಪ್ರಭು ಕಣಿವೆಯಲ್ಲಿ ಶತ್ರುಗಳನ್ನು ಹೇಗೆ ತಡೆದು ನಿಂತ. ಅನ್ನ ತಣ್ಣಗಾಗುವವರೆಗೂ ಹೇಳುತ್ತಾನೆ. ಅವನ ಅಜ್ಜಿ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಅದೇ ಪಾಠದ ಯೂನಿಟ್ ಟೆಸ್ಟ್‌ನಲ್ಲಿ ಬರೆದದ್ದು ಎರಡು ಸಾಲು. 'ಖಾನ್ ಬಂದ. ಮಹಾರಾಜರು ಗೆದ್ದರು.' ಅಷ್ಟೇ. ಇಪ್ಪತ್ತಕ್ಕೆ ಆರು.

'ಯಾಕೆ ಮಗಾ, ನಿನಗೆ ಎಲ್ಲಾ ಗೊತ್ತಿತ್ತಲ್ವಾ?' ಅಂತ ಕೇಳಿದೆ. 'ಗೊತ್ತಿತ್ತಮ್ಮ. ಬರೆಯುವಾಗ ಹೋಗಿಬಿಡ್ತು' ಅಂದ.

ಒಂದನೇ ಕ್ಲಾಸಿನಿಂದಲೂ ಅಕ್ಷರ ಸರಿಯಿರಲಿಲ್ಲ. ಗಂಡು ಮಕ್ಕಳು ಹಾಗೇ, ದೊಡ್ಡವನಾದರೆ ಸರಿಯಾಗುತ್ತದೆ ಅಂದುಕೊಂಡೆವು. ಸರಿಯಾಗಲಿಲ್ಲ. ಅಕ್ಷರ ಗೆರೆಯ ಮೇಲೆ ಕೂರುವುದೇ ಇಲ್ಲ, ಒಂದು ಮೇಲೆ, ಒಂದು ಕೆಳಗೆ. ಒಂದೇ ಶಬ್ದದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಕಲಸಿಹೋಗಿರುತ್ತವೆ. ಶಬ್ದಗಳ ನಡುವೆ ಜಾಗ ಬಿಡುವುದಿಲ್ಲ. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಗುತ್ತದೆ. ಹೆಬ್ಬೆರಳನ್ನು ಒಳಗೆ ಮಡಚಿ ಪೆನ್ಸಿಲ್ ಹಿಡಿಯುತ್ತಾನೆ, ಮೊನೆ ಮುರಿಯುವಷ್ಟು ಒತ್ತುತ್ತಾನೆ. ಐದು ನಿಮಿಷಕ್ಕೆ ಕೈ ಕೊಡವುತ್ತಾನೆ, ಹತ್ತು ನಿಮಿಷಕ್ಕೆ ತಲೆ ಮೇಜಿನ ಮೇಲೆ. ಮರಾಠಿಯಲ್ಲಿ ಇನ್ನೂ ಕಷ್ಟ. ಹ್ರಸ್ವ ವೇಲಾಂಟಿಯನ್ನು, ಅಂದರೆ 'ಇ' ಸ್ವರದ ಗುರುತನ್ನು, ಅಕ್ಷರದ ಎಡಕ್ಕೆ ಹಾಕಬೇಕಲ್ಲ, ಇವನು ಬಲಕ್ಕೆ ಹಾಕುತ್ತಾನೆ. ಓದಿ ಅಂದರೆ ಮಾತ್ರ ಸರಿಯಾಗಿಯೇ ಓದುತ್ತಾನೆ. ಗಣಿತದಲ್ಲಿ ಬಾಯಿ ಲೆಕ್ಕ ಪಟಪಟ. ಬರೆದರೆ ಹತ್ತರ ಸ್ಥಾನದ ಅಂಕಿ ನೂರರ ಕೆಳಗೆ ಹೋಗಿ ಕೂತಿರುತ್ತದೆ, ಉತ್ತರ ತಪ್ಪು.

ಬೋರ್ಡಿನಿಂದ ಇಳಿಸಿಕೊಳ್ಳುವುದು ಮುಗಿಯುವುದೇ ಇಲ್ಲ. ದಿನಾ ಸಂಜೆ ವಾಟ್ಸಾಪ್ ಗುಂಪಿನಲ್ಲಿ ಬೇರೆ ತಾಯಂದಿರ ಹತ್ತಿರ ಹೋಂವರ್ಕ್ ಕೇಳಬೇಕು. ಪುಸ್ತಕದ ತುಂಬಾ ಕೆಂಪು ಪೆನ್ನಿನಲ್ಲಿ 'ಕೇರ್‌ಲೆಸ್', 'ಸೋಮಾರಿ' ಅಂತ ಬರೆದಿರುತ್ತದೆ.

ಈಗ ನನ್ನ ತಪ್ಪು ಹೇಳುತ್ತೇನೆ. ನಾನೂ ಅದನ್ನೇ ನಂಬಿದೆ. ಬೇಸಿಗೆ ರಜೆಯಿಡೀ ದಿನಕ್ಕೆ ಎರಡು ಪುಟ ಕಾಪಿ ಬರೆಸಿದೆ. ತಪ್ಪಾದ ಶಬ್ದ ಇಪ್ಪತ್ತು ಸಲ. ಎರಡು ಸಲ ಕೈಮೇಲೆ ಸ್ಕೇಲಿನಿಂದ ಹೊಡೆದಿದ್ದೇನೆ. ಹೋದ ತಿಂಗಳು ಅಕ್ಕಿ ಡಬ್ಬದ ಹಿಂದೆ ಗುಡಿಸುವಾಗ ಕಾಪಿ ಪುಸ್ತಕ ಸಿಕ್ಕಿತು. ಅಡಗಿಸಿಟ್ಟಿದ್ದ. ನಾನು ಕೂಗಾಡುವ ಮೊದಲೇ ಅವನು ಕೇಳಿದ, 'ಅಮ್ಮ, ನನ್ನ ಕೈ ಕೆಟ್ಟುಹೋಗಿದೆಯಾ? ಡಾಕ್ಟರ ಹತ್ತಿರ ಹೋದರೆ ಬೇರೆ ಕೊಡ್ತಾರಾ?'

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡಿಸ್‌ಗ್ರಾಫಿಯಾ ಅನ್ನುವ ಶಬ್ದ ಮೊದಲ ಸಲ ಓದಿದ್ದು ಆವತ್ತೇ. ಬರೆಯುವುದರಲ್ಲಿ ಬರುವ ಕಲಿಕಾ ತೊಂದರೆಗೆ ಹಾಗನ್ನುತ್ತಾರಂತೆ.

ನನ್ನ ಪ್ರಶ್ನೆಗಳು. ಇದು ಅದೇನಾ, ಅಥವಾ ನಾನು ಸುಮ್ನೆ ಹೆದರುತ್ತಿದ್ದೇನಾ? ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಅಂತ ಇಷ್ಟು ಭಾಷೆ ತಲೆಗೆ ತುಂಬಿದ್ದರಿಂದ ಹೀಗಾಯಿತಾ? ಒಬ್ಬ ಟ್ಯೂಷನ್ ಟೀಚರ್ ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷೇ ಮಾತಾಡಿ ಅಂದರು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಪರೀಕ್ಷೆ ಮಾಡಿಸಿದರೆ ಎಲ್ಲಿ ಮಾಡಿಸಬೇಕು? ಈ ತೊಂದರೆ ಇದೆ ಅಂತ ಸರ್ಟಿಫಿಕೇಟ್ ತೆಗೆದುಕೊಂಡರೆ ಮುಂದೆ ಅವನಿಗೆ ತೊಂದರೆ ಆಗುತ್ತದಾ? ಇವನ ಅಪ್ಪನಿಗೆ ಅದೊಂದೇ ಭಯ.

ಪುಣೆ ಓಟಿ

ತಂಗಿ, ಮೊದಲು ಒಂದು ಮಾತು. ನೀವು ಬರೆದಿದ್ದನ್ನು ಓದಿ ಮಗುವಿಗೆ ಇಂಥದ್ದೇ ಇದೆ ಅಂತ ನಾನು ಹೇಳಬಾರದು, ಹೇಳುವುದಿಲ್ಲ. ಆದರೆ ನೀವು ಸುಮ್ನೆ ಹೆದರುತ್ತಿಲ್ಲ. ಪರೀಕ್ಷೆ ಮಾಡಿಸಲೇಬೇಕಾದ ಮಗು ಇದು. ನಾನು ಧಾರವಾಡದವಳು, ಪುಣೆಯ ಕೋಥರೂಡಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ (ಓಟಿ), ಅಂದರೆ ಬರೆಯುವುದು, ಗುಂಡಿ ಹಾಕುವುದು ಇಂಥ ದಿನದ ಕೆಲಸಗಳಲ್ಲಿ ಕಷ್ಟಪಡುವವರಿಗೆ ಅಭ್ಯಾಸ ಮಾಡಿಸುವವಳು. ಇಂಥ ಮಕ್ಕಳ ಜೊತೆಯಲ್ಲೇ ನನ್ನ ದಿನ ಹೋಗುತ್ತದೆ.

ಬರೆಯುವುದು ಒಂದು ಕೆಲಸ ಅಂದುಕೊಂಡಿದ್ದೇವೆ. ಒಂದಲ್ಲ. ಏನು ಹೇಳಬೇಕು ಅಂತ ಯೋಚಿಸಬೇಕು. ಅದಕ್ಕೆ ಶಬ್ದ ಹುಡುಕಬೇಕು, ಸ್ಪೆಲ್ಲಿಂಗ್ ನೆನಪಿಸಿಕೊಳ್ಳಬೇಕು. ಆ ಅಕ್ಷರದ ಆಕಾರ ಎಲ್ಲಿಂದ ಶುರು ಅಂತ ಗೊತ್ತಿರಬೇಕು. ಬೆರಳು ಆ ದಾರಿಯಲ್ಲಿ ಹೋಗಬೇಕು, ಕಣ್ಣು ಗೆರೆ ನೋಡುತ್ತಿರಬೇಕು, ಇನ್ನೊಂದು ಕೈ ಹಾಳೆ ಹಿಡಿದಿರಬೇಕು. ನಮಗೆ ಅಕ್ಷರದ ಆಕಾರ ಕೈಗೇ ಬಂದುಬಿಟ್ಟಿದೆ, ಅದಕ್ಕೆ ಗಮನ ಬೇಕಾಗಿಲ್ಲ. ಈ ಮಕ್ಕಳಿಗೆ ಪ್ರತಿ ಅಕ್ಷರಕ್ಕೂ ಗಮನ ಬೇಕು. ಗಮನವೆಲ್ಲಾ ಅಲ್ಲೇ ಖರ್ಚಾದ ಮೇಲೆ ಬಾಜಿ ಪ್ರಭುವಿಗೆ ಎಲ್ಲಿ ಉಳಿಯಬೇಕು? 'ಬರೆಯುವಾಗ ಹೋಗಿಬಿಡ್ತು' ಅಂದನಲ್ಲ, ಇದನ್ನೇ ನಾವು ತಂದೆತಾಯಿಗೆ ಅರ್ಧ ಗಂಟೆ ವಿವರಿಸುತ್ತೇವೆ. ಅವನು ಒಂದೇ ಮಾತಿನಲ್ಲಿ ಹೇಳಿದ್ದಾನೆ.

ಈ ವಾರ ಒಂದು ಕೆಲಸ ಮಾಡಿ. ಅವನು ಬರೆದ ಪುಸ್ತಕ ನೋಡಬೇಡಿ, ಬರೆಯುವಾಗ ಅವನನ್ನು ನೋಡಿ. ಪಕ್ಕದಲ್ಲಿ ಸುಮ್ಮನೆ ಕೂತು ಹತ್ತು ನಿಮಿಷ. ಪುಸ್ತಕ ನೋಡಿ ಇಳಿಸಿಕೊಳ್ಳುವುದು, ನೀವು ಹೇಳಿದ್ದನ್ನು ಬರೆಯುವುದು, ತಾನೇ ಯೋಚಿಸಿ ಬರೆಯುವುದು, ಮೂರನ್ನೂ ಬೇರೆ ಬೇರೆ ದಿನ ನೋಡಿ. ಶಬ್ದದ ಸ್ಪೆಲ್ಲಿಂಗ್ ಬಾಯಲ್ಲಿ ಕೇಳಿ, ಅದನ್ನೇ ಬರೆಸಿ ನೋಡಿ. ಬಾಯಲ್ಲಿ ಸರಿ, ಬರಹದಲ್ಲಿ ತಪ್ಪು ಅಂದರೆ ಅದೊಂದು ಸುಳಿವು. ಬಾಯಲ್ಲೂ ತಪ್ಪು ಅಂದರೆ ತೊಂದರೆ ಬೇರೆ ಕಡೆಗೂ ಇರಬಹುದು. ಅಂಗಿ ಗುಂಡಿ, ಶೂ ಲೇಸು, ಟಿಫಿನ್ ಡಬ್ಬಿ ಮುಚ್ಚಳ, ಕತ್ತರಿ, ಇವುಗಳಲ್ಲೂ ಕಷ್ಟಪಡುತ್ತಾನಾ ಅಂತ ಗಮನಿಸಿ. ಪಟ್ಟರೆ ಕೈಕಾಲಿನ ಹೊಂದಾಣಿಕೆಯದೇ ಬೇರೆ ತೊಂದರೆ ಜೊತೆಗಿರಬಹುದು, ಅದಕ್ಕೆ ಮಾಡುವ ಕೆಲಸ ಬೇರೆ. ಇದನ್ನೆಲ್ಲಾ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಪರೀಕ್ಷೆ ಮಾಡುವವರಿಗೆ ಈ ಹಾಳೆ ತುಂಬಾ ಉಪಯೋಗ.

ಕಣ್ಣು, ಕಿವಿ ಮೊದಲು ತೋರಿಸಿ. ಕಣ್ಣಿನ ತೊಂದರೆಯಿಂದ ಬೋರ್ಡ್ ಇಳಿಸಿಕೊಳ್ಳಲಾಗದ ಮಕ್ಕಳನ್ನು ನೋಡಿದ್ದೇನೆ.

ಭಾಷೆಯ ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ಕನ್ನಡ ಮಾತಾಡುವುದರಿಂದ ಇದು ಬರುವುದಿಲ್ಲ, ನಿಲ್ಲಿಸಿದರೆ ಹೋಗುವುದೂ ಇಲ್ಲ. ಎಷ್ಟು ಲಿಪಿ ಕಲಿತರೂ ತೊಂದರೆ ಎಲ್ಲದರಲ್ಲೂ ಕಾಣುತ್ತದೆ, ಒಂದೊಂದರಲ್ಲಿ ಒಂದೊಂದು ಥರ. ಮರಾಠಿಯಲ್ಲಿ ವೇಲಾಂಟಿ ಮತ್ತು ತಲೆಗೆರೆ, ಇಂಗ್ಲಿಷಿನಲ್ಲಿ ಬಿ ಮತ್ತು ಡಿ. ಕನ್ನಡ ಬರೆಸಿದರೆ ಒತ್ತಕ್ಷರದಲ್ಲಿ ಕಾಣುತ್ತಿತ್ತು. ಅಜ್ಜಿಯ ಜೊತೆ ಅವನು ಕಥೆ ಹೇಳುತ್ತಾನಲ್ಲ, ಅದು ಅವನ ಬಲ. ಅದನ್ನು ಕಿತ್ತುಕೊಳ್ಳಬೇಡಿ.

ಇಪ್ಪತ್ತು ಸಲ ಬರೆಸುವುದನ್ನು ಇವತ್ತೇ ನಿಲ್ಲಿಸಿ. ಕೈ ತಪ್ಪು ದಾರಿಯಲ್ಲಿ ಇಪ್ಪತ್ತು ಸಲ ಹೋದರೆ ಆ ತಪ್ಪು ದಾರಿಯೇ ಗಟ್ಟಿಯಾಗುತ್ತದೆ. ಬದಲಿಗೆ ದಿನಕ್ಕೆ ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಒಂದೇ ಥರ ಶುರುವಾಗುವ ಅಕ್ಷರಗಳನ್ನು ಒಟ್ಟಿಗೆ ಕಲಿಸಿ. ಇಂಗ್ಲಿಷಿನ ಸಣ್ಣ ಸಿ, ಎ, ಡಿ, ಜಿ, ಓ ಇವೆಲ್ಲಾ ಒಂದೇ ತಿರುವಿನಿಂದ ಶುರು. ಡಿ ಅಂದರೆ ಮೊದಲು ಸಿ, ಆಮೇಲೆ ಕಡ್ಡಿ. ಬಿ ಅಂದರೆ ಮೊದಲು ಕಡ್ಡಿ. ಬಾಯಲ್ಲಿ ಹೇಳುತ್ತಾ ತಟ್ಟೆಯಲ್ಲಿ ಹರಡಿದ ರವೆಯ ಮೇಲೆ ಬೆರಳಿನಿಂದ ದೊಡ್ಡದಾಗಿ ಬರೆಯಲಿ, ಆಮೇಲೆ ಪಾಟಿಯ (ಸ್ಲೇಟಿನ) ಮೇಲೆ, ಕೊನೆಗೆ ಹಾಳೆಯ ಮೇಲೆ. ಬರೆದ ನಾಲ್ಕರಲ್ಲಿ ಯಾವುದು ಚೆನ್ನಾಗಿದೆ ಅಂತ ಅವನೇ ಗುರುತು ಹಾಕಲಿ.

ಕೂರುವ ರೀತಿ ನೋಡಿ. ಕಾಲು ನೇತಾಡಬಾರದು, ಕೆಳಗೆ ಸ್ಟೂಲ್ ಇಡಿ. ಮೇಜು ಮೊಣಕೈ ಮಟ್ಟಕ್ಕೆ ಇರಲಿ. ಆಫೀಸಿನ ದಪ್ಪ ಫೈಲ್ ಇರುತ್ತದಲ್ಲ, ಅದರ ದಪ್ಪ ಬೆನ್ನು ಆಚೆ ಕಡೆ, ತೆಳುವಾದ ಅಂಚು ಅವನ ಕಡೆ ಬರುವಂತೆ ಇಟ್ಟರೆ ಇಳಿಜಾರು ಹಲಗೆ ಆಯಿತು. ಎರಡು ಬೆರಳಿನಷ್ಟು ಉದ್ದದ ಮೋಟು ಪೆನ್ಸಿಲ್ ಕೊಡಿ. ಅದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ. ಗಣಿತಕ್ಕೆ ಚೌಕದ ಪುಸ್ತಕ, ಒಂದು ಮನೆಗೆ ಒಂದೇ ಅಂಕಿ.

ಚಪಾತಿ ಹಿಟ್ಟು ನಾದುವುದು, ಬಟ್ಟೆ ಕ್ಲಿಪ್ ಹಾಕುವುದು, ಬಟಾಣಿ ಬಿಡಿಸುವುದು, ಇವೆಲ್ಲಾ ಬೆರಳಿಗೆ ಒಳ್ಳೆಯದು, ಮಾಡಿಸಿ. ಆದರೆ ಹಿಟ್ಟು ನಾದಿದ ಮಾತ್ರಕ್ಕೆ ಅಕ್ಷರ ಸುಧಾರಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಕ್ಷರ ಸುಧಾರಿಸಲು ಅಕ್ಷರವನ್ನೇ ಕಲಿಸಬೇಕು, ಸರಿಯಾದ ರೀತಿಯಲ್ಲಿ, ಸ್ವಲ್ಪ ಸ್ವಲ್ಪ.

ಮತ್ತೆ, ಅವನಿಗೆ ಉತ್ತರ ಹೇಳಿ. ಕೈ ಕೆಟ್ಟಿಲ್ಲ ಅಂತ. ಕೇಳಿದ್ದಾನೆ, ಕಾಯುತ್ತಿದ್ದಾನೆ.

ವಡಾಲಾ ಟೀಚರ್

ಮಗಳೇ, ನಾನು ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿ ನಿವೃತ್ತಳಾದವಳು. ನಿನ್ನ ಮಗನ ಪುಸ್ತಕದ ಕೆಂಪು ಶಾಯಿ ಬಗ್ಗೆ ಓದಿ ಎದೆಗೆ ಚುಚ್ಚಿತು. ನಾನೂ ಹಾಗೇ ಬರೆದವಳು.

ಒಬ್ಬ ಹುಡುಗನಿದ್ದ. ಅಪ್ಪ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಮೊದಲ ಕೈ ಅವನದ್ದೇ. ಬರೆಯಲು ಹೇಳಿದರೆ ನೀರು ಕುಡಿಯಲು ಹೋಗುತ್ತಿದ್ದ, ಪೆನ್ಸಿಲ್ ಕಳೆದುಹೋಗುತ್ತಿತ್ತು, ಹೊಟ್ಟೆ ನೋಯುತ್ತಿತ್ತು. ನಾನು ಅವನನ್ನು ಎಷ್ಟು ಸಲ ಬಾಗಿಲ ಹೊರಗೆ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಕಲಿಕಾ ತೊಂದರೆಗಳ ಬಗ್ಗೆ ಒಂದು ತರಬೇತಿಗೆ ಕಳಿಸಿದರು. ಅಲ್ಲಿ ಕೂತು ಕೇಳುತ್ತಿದ್ದಾಗ ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಅಷ್ಟು ಹೊತ್ತಿಗೆ ಅವನು ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾನು ಇವತ್ತಿಗೂ ಅವನ ಹತ್ತಿರ ಕ್ಷಮೆ ಕೇಳಲು ಆಗಿಲ್ಲ.

ಆಮೇಲಿನ ನಾಲ್ಕು ವರ್ಷ ನಾನು ಮಾಡಿದ್ದನ್ನು ಹೇಳುತ್ತೇನೆ. ನೀನು ನಿನ್ನ ಮಗನ ಟೀಚರಿಗೆ ಹೇಳಬಹುದು. ಆದರೆ ಒಮ್ಮೆಲೇ ಹತ್ತು ಕೇಳಬೇಡ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಹತ್ತು ಬದಲಾವಣೆ ಯಾರಿಂದಲೂ ಆಗುವುದಿಲ್ಲ. ಒಂದೇ ಕೇಳು. ಬೋರ್ಡಿನಿಂದ ಇಳಿಸಿಕೊಳ್ಳುವ ಬದಲು ಪಕ್ಕದ ಮಗುವಿನ ಪುಸ್ತಕದ ಫೋಟೋ ಅಥವಾ ಝೆರಾಕ್ಸ್ ಸಿಗುತ್ತದಾ ಅಂತ. ಅದೊಂದು ಆದರೆ ಅವನ ಅರ್ಧ ದಿನ ಉಳಿಯುತ್ತದೆ. ಆ ಹೊತ್ತಿನಲ್ಲಿ ಪಾಠ ಕೇಳಬಹುದು.

ಅದು ನಡೆದ ಮೇಲೆ ಎರಡನೆಯದು. ಯೂನಿಟ್ ಟೆಸ್ಟ್ ಆದ ಮೇಲೆ ಐದು ನಿಮಿಷ ಬಾಯಿ ಪ್ರಶ್ನೆ ಕೇಳಿ, ಅವನಿಗೆ ಎಷ್ಟು ಗೊತ್ತು ಅಂತ ಟೀಚರೇ ನೋಡಲಿ. ನಾನು ಮಾಡುತ್ತಿದ್ದೆ. ಬರಹದಲ್ಲಿ ನಾಲ್ಕು ಬಂದ ಮಗು ಬಾಯಲ್ಲಿ ಹದಿನೈದು ತೆಗೆದಾಗ ನನ್ನ ನೋಟವೇ ಬದಲಾಯಿತು. ವಿಷಯಕ್ಕೆ ಒಂದು ಅಂಕ, ಅಕ್ಷರಕ್ಕೆ ಒಂದು ಅಂಕ, ಎರಡನ್ನೂ ಕಲಸಬಾರದು. ಹತ್ತು ಲೆಕ್ಕದ ಬದಲು ನಾಲ್ಕು ಕೊಟ್ಟರೂ ಲೆಕ್ಕ ಬರುತ್ತದಾ ಇಲ್ಲವಾ ಅಂತ ತಿಳಿಯುತ್ತದೆ ಅಲ್ವಾ. ಪ್ರಶ್ನೆ ಬರೆಯುವುದು ಬೇಡ, ಉತ್ತರ ಮಾತ್ರ. ರಬ್ಬರ್ ಬೇಡ, ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗಲಿ.

ಟೀಚರ ಹತ್ತಿರ ಹೋಗುವಾಗ ಜಗಳಕ್ಕೆ ಹೋಗಬೇಡ. ಅವನು ಕಥೆ ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗು. ಅದೇ ಪಾಠದ ಉತ್ತರ ಪತ್ರಿಕೆಯನ್ನೂ ಪಕ್ಕದಲ್ಲಿ ಇಡು. ಏನೂ ಹೇಳಬೇಡ, ಕೇಳಿಸು.

ಘಾಟ್ಕೋಪರ್ ಅಪ್ಪ

ಅಕ್ಕ, ಪರೀಕ್ಷೆ ಮತ್ತು ಸರ್ಟಿಫಿಕೇಟ್ ಬಗ್ಗೆ ನಾನು ಹೇಳುತ್ತೇನೆ. ನನ್ನ ಮಗಳದ್ದು ಮಾಡಿಸಿದ್ದೇನೆ, ಈಗ ಎಂಟನೇ ಕ್ಲಾಸು.

ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ಎಲ್‌ಡಿ ಕ್ಲಿನಿಕ್ ಇದೆ, ಅಂದರೆ ಕಲಿಕಾ ತೊಂದರೆ ಪರೀಕ್ಷೆ ಮಾಡುವ ಕ್ಲಿನಿಕ್. ಭಾಂಡುಪ್‌ನಿಂದ ನಿಮಗೆ ಸ್ಲೋ ಲೋಕಲ್ ನೇರ ಸಯನ್‌ಗೆ. ಒಂದು ದಿನದ ಕೆಲಸ ಅಂದುಕೊಳ್ಳಬೇಡಿ, ಹಲವು ಸಲ ಓಡಾಡಬೇಕು. ಕಣ್ಣು, ಕಿವಿ ಪರೀಕ್ಷೆ, ಮಕ್ಕಳ ಡಾಕ್ಟರ್, ಸೈಕಾಲಜಿಸ್ಟ್ ಮಾಡುವ ಬುದ್ಧಿಮತ್ತೆಯ ಪರೀಕ್ಷೆ, ಆಮೇಲೆ ಓದು, ಬರಹ, ಲೆಕ್ಕದ ಪರೀಕ್ಷೆ. ಬುದ್ಧಿಮತ್ತೆಯ ಪರೀಕ್ಷೆ ಯಾಕೆ ಅಂತ ನಮ್ಮ ಮನೆಯಲ್ಲಿ ಬೇಜಾರಾಗಿತ್ತು. ಬುದ್ಧಿ ಸರಿಯಾಗಿದ್ದೂ ಬರಹ ಹಿಂದೆ ಬಿದ್ದಿದೆ ಅಂತ ತೋರಿಸಲೇ ಅದು ಬೇಕು. ಕಳೆದ ಎರಡು ವರ್ಷದ ಪುಸ್ತಕ, ಉತ್ತರ ಪತ್ರಿಕೆ, ಪ್ರಗತಿ ಪತ್ರ ತೆಗೆದುಕೊಂಡು ಹೋಗಿ. ಹರಿದ ಪುಸ್ತಕವನ್ನೂ ಬಿಸಾಡಬೇಡಿ. ಶಾಲೆಯಿಂದ ಪತ್ರ ಬರೆಸಿಕೊಂಡರೆ ಸುಲಭ.

ವಯಸ್ಸಿನ ಲೆಕ್ಕ ಹೀಗಿತ್ತು. ಕೇಂದ್ರ ಸರ್ಕಾರದ 2018ರ ನಿಯಮದಂತೆ ಎಂಟು ವರ್ಷ ತುಂಬಿದ ಮೇಲೆಯೇ ಈ ಸರ್ಟಿಫಿಕೇಟ್. ಹದಿನಾಲ್ಕಕ್ಕೆ ಮತ್ತೆ ಪರೀಕ್ಷೆ, ಹದಿನೆಂಟಕ್ಕೆ ಇನ್ನೊಮ್ಮೆ. ಹದಿನೆಂಟರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ ಅಂತ ಅದರಲ್ಲಿತ್ತು. 2024ರಲ್ಲಿ ಆ ನಿಯಮವನ್ನು ಪರಿಷ್ಕರಿಸಿದ್ದಾರೆ, ಈಗಿನದನ್ನು ಕ್ಲಿನಿಕ್ಕಿನಲ್ಲೇ ಕೇಳಿ. ನಿಮ್ಮ ಮಗನಿಗೆ ಒಂಬತ್ತು ಆಗಿದೆ, ಆದ್ದರಿಂದ ಅಡ್ಡಿಯಿಲ್ಲ. ಇದನ್ನು ಓದುತ್ತಿರುವ ಆರು, ಏಳು ವರ್ಷದ ಮಕ್ಕಳ ತಂದೆತಾಯಿಗೂ ಒಂದು ಮಾತು. ಸರ್ಟಿಫಿಕೇಟ್ ಎಂಟಕ್ಕೇ ಸಿಗುವುದು ಅಂತ ಸಹಾಯವನ್ನೂ ಎಂಟರವರೆಗೆ ಕಾಯಿಸಬೇಡಿ. ನಾವು ಹಾಗೆ ಮಾಡಿ ಎರಡು ವರ್ಷ ಕಳೆದುಕೊಂಡೆವು.

ಕಾನೂನು ನಮ್ಮ ಕಡೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ತೊಂದರೆಗಳು ಸೇರಿವೆ, ಅದರಲ್ಲಿ ಡಿಸ್‌ಗ್ರಾಫಿಯಾ ಹೆಸರು ಹೇಳಿಯೇ ಬರೆದಿದ್ದಾರೆ. ಅದೇ ಕಾಯ್ದೆಯ 16ನೇ ಕಲಮು, ಇಂಥ ತೊಂದರೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಕ್ರಮ ತೆಗೆದುಕೊಳ್ಳಬೇಕು ಅನ್ನುತ್ತದೆ. ಮಹಾರಾಷ್ಟ್ರದಲ್ಲಂತೂ 1996ರಿಂದಲೇ ಈ ಮಕ್ಕಳಿಗೆ ಪರೀಕ್ಷೆಯಲ್ಲಿ ಸವಲತ್ತು ಇದೆ. ಹೆಚ್ಚು ಸಮಯ, ಬೇಕಾದರೆ ಮಗು ಹೇಳಿದ ಉತ್ತರ ಬರೆದುಕೊಡುವ ರೈಟರ್. ನನ್ನ ಮಗಳ ಶಾಲೆಯಲ್ಲಿ ಮೊದಲು 'ನಮ್ಮಲ್ಲಿ ಹಾಗೆಲ್ಲಾ ಇಲ್ಲ' ಅಂದಿದ್ದರು. ಕಾಯ್ದೆಯ ಪುಟ ಪ್ರಿಂಟ್ ತೆಗೆದು ಪತ್ರದ ಜೊತೆ ಕೊಟ್ಟೆ. ಲಿಖಿತ ಉತ್ತರ ಕೇಳಿದೆ. ಆಮೇಲೆ ಒಪ್ಪಿದರು.

ರೈಟರ್ ಬಗ್ಗೆ ಒಂದು ಅನುಭವ. ಉತ್ತರ ಹೇಳಿ ಬರೆಸುವುದೂ ಒಂದು ವಿದ್ಯೆ. ಮಗಳು ಮೊದಲ ಸಲ ರೈಟರ್ ಜೊತೆ ಕೂತಾಗ ಕಥೆಯಂತೆ ಹೇಳುತ್ತಾ ಹೋದಳು, ಬರೆಯುವವರಿಗೆ ಹಿಂಬಾಲಿಸಲು ಆಗಲಿಲ್ಲ. ವಾಕ್ಯ ವಾಕ್ಯವಾಗಿ ನಿಲ್ಲಿಸಿ ಹೇಳಬೇಕು, ಎಲ್ಲಿ ಪೂರ್ಣವಿರಾಮ ಅಂತ ಹೇಳಬೇಕು, ಬರೆದದ್ದನ್ನು ಓದಿಸಿ ಕೇಳಬೇಕು. ಈಗ ವಾರಕ್ಕೆ ಎರಡು ದಿನ ನಾನೇ ಅವಳ ರೈಟರ್.

ಸರ್ಟಿಫಿಕೇಟಿನಿಂದ ತೊಂದರೆ ಆಗುತ್ತದಾ ಅಂತ ನಿಮ್ಮವರ ಭಯ ನನಗೂ ಇತ್ತು. ಅವರಿಗೆ ಹೇಳಿ, ಆ ಕಾಗದ ನಮ್ಮ ಕಪಾಟಿನಲ್ಲಿರುತ್ತದೆ, ನಾವು ತೋರಿಸಿದಾಗ ಮಾತ್ರ ಜನ ನೋಡುತ್ತಾರೆ. 'ಸೋಮಾರಿ' ಅನ್ನುವ ಹಣೆಪಟ್ಟಿ ಮಾತ್ರ ಎಲ್ಲರೂ ನೋಡುತ್ತಿದ್ದರು. ಬೇಕಾದರೆ ಅವರು ನನ್ನ ಜೊತೆ ಮಾತಾಡಲಿ.

ವಾಸ್ಕೊ ಹುಡುಗ

ಅಕ್ಕ, ನನಗೆ ಇಪ್ಪತ್ತಾರು ವರ್ಷ. ಮನೆ ಅಂಕೋಲಾ, ಈಗ ಗೋವಾದ ವಾಸ್ಕೊದಲ್ಲಿ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ. ನನಗೆ ಡಿಸ್‌ಗ್ರಾಫಿಯಾ ಇದೆ. ಇದನ್ನು ಕನ್ನಡ ವಾಯ್ಸ್ ಟೈಪಿಂಗ್‌ನಲ್ಲಿ ಮಾತಾಡಿ ಬರೆಸಿ, ಆಮೇಲೆ ತಿದ್ದಿದ್ದೇನೆ.

ಒಳಗಿನಿಂದ ಹೇಗಿರುತ್ತದೆ ಅಂತ ಹೇಳಬೇಕು ಅನ್ನಿಸಿತು. ನೀವು ಎಡಗೈಯಲ್ಲಿ, ಕನ್ನಡಿಯಲ್ಲಿ ನೋಡುತ್ತಾ ಒಂದು ಪುಟ ಬರೆದು ನೋಡಿ. ಅಕ್ಷರ ಗೊತ್ತು, ಆದರೆ ಕೈ ಯಾವ ಕಡೆ ಹೋಗಬೇಕು ಅಂತ ಪ್ರತಿ ಸಲ ಹೊಸದಾಗಿ ಯೋಚಿಸಬೇಕು. ಹಾಗೆ ಬರೆಯುತ್ತಿರುವಾಗ ಹಿಂದೆ ನಿಂತು ಯಾರೋ 'ಬೇಗ ಬೇಗ' ಅನ್ನುತ್ತಿದ್ದರೆ? ನನ್ನ ಹತ್ತು ವರ್ಷದ ಶಾಲೆ ಹಾಗಿತ್ತು. ಮಣಿಕಟ್ಟು ಮಾತ್ರವಲ್ಲ, ಭುಜದವರೆಗೆ ನೋಯುತ್ತಿತ್ತು. ಎಲ್ಲರಿಗೂ ನೋಯುತ್ತದೆ ಅಂದುಕೊಂಡಿದ್ದೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ನೀವು ಕೇಳಿ, ಎಲ್ಲಿ ನೋಯುತ್ತದೆ ಅಂತ.

ನೆಂಟರ ಮುಂದೆ ಅವನ ಪುಸ್ತಕ ತೆಗೆದು ತೋರಿಸಬೇಡಿ. ನಮ್ಮ ಚಿಕ್ಕಪ್ಪ ಹಬ್ಬದ ದಿನ ನನ್ನ ಪುಸ್ತಕ ತೆಗೆದು ಎಲ್ಲರಿಗೂ ಓದಲು ಕೊಟ್ಟರು. ಹದಿನೈದು ವರ್ಷವಾಗಿದೆ, ಆ ಚೌತಿಯ ಊಟದ ರುಚಿ ಇನ್ನೂ ನೆನಪಾಗುವುದಿಲ್ಲ, ಆ ನಗು ಮಾತ್ರ ನೆನಪಿದೆ.

ಏಳನೇ ಕ್ಲಾಸಿನಲ್ಲಿ ಅಪ್ಪ ಹಳೇ ಕಂಪ್ಯೂಟರ್ ತಂದರು. ನನ್ನ ಬದುಕು ತಿರುಗಿದ್ದು ಅಲ್ಲಿಂದ. ಆದರೆ ತಂದ ಮರುದಿನವೇ ಅಲ್ಲ. ಕೀಲಿ ನೋಡದೆ ಹತ್ತೂ ಬೆರಳಲ್ಲಿ ಟೈಪ್ ಮಾಡಲು ದಿನಕ್ಕೆ ಹದಿನೈದು ನಿಮಿಷದಂತೆ ಸುಮಾರು ಎಂಟು ತಿಂಗಳು ಬೇಕಾಯಿತು. ಮೊದಲೆರಡು ತಿಂಗಳು ಟೈಪಿಂಗ್ ಬರವಣಿಗೆಗಿಂತಲೂ ನಿಧಾನ. ಅಲ್ಲೇ ಬಿಟ್ಟುಬಿಟ್ಟಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ. ನಾಲ್ಕನೇ ಕ್ಲಾಸಿನಲ್ಲೇ ಶುರು ಮಾಡಿ, ಅವಸರ ಮಾಡಬೇಡಿ.

ಹಾಗಂತ ಕೈಬರಹ ಪೂರ್ತಿ ಬಿಡಿಸಬೇಡಿ. ಹೆಸರು, ವಿಳಾಸ, ಫಾರಂ ತುಂಬುವುದು, ಸಹಿ ಇವು ಬೇಕೇ ಬೇಕು. ನನ್ನ ಸಹಿ ಒಂದೊಂದು ಸಲ ಒಂದೊಂದು ಥರ ಬರುತ್ತಿತ್ತು. ಒಂದು ಬ್ಯಾಂಕಿನಲ್ಲಿ ಚೆಕ್ ಎರಡು ಸಲ ವಾಪಸ್ ಬಂತು. ಈಗ ಎರಡು ಅಕ್ಷರದ ಚಿಕ್ಕ ಸಹಿ ಇಟ್ಟುಕೊಂಡಿದ್ದೇನೆ.

ಅವನ ಕಥೆಗಳನ್ನು ರೆಕಾರ್ಡ್ ಮಾಡಿ ಅಂತ ಟೀಚರ್ ಹೇಳಿದರಲ್ಲ. ಟೀಚರಿಗೆ ಕೇಳಿಸಿದ ಮೇಲೂ ಅಳಿಸಬೇಡಿ. ನನ್ನ ಬಾಲ್ಯದ್ದು ಒಂದೂ ಉಳಿದಿಲ್ಲ, ಯಾಕೆಂದರೆ ಬರೆದದ್ದು ಮಾತ್ರ ಇಡುವಂಥದ್ದು ಅಂತ ನಮ್ಮ ಮನೆಯಲ್ಲಿ ಅಂದುಕೊಂಡಿದ್ದರು.

ಭಾಂಡುಪ್ ಅಮ್ಮ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ ಮಾರಾಯ್ರೆ. ವಾಸ್ಕೊ ತಮ್ಮ, ನಿಮ್ಮದನ್ನು ಇವನ ಅಪ್ಪನಿಗೆ ಓದಿ ಹೇಳಿದೆ. ಅರ್ಧದಲ್ಲಿ ಎದ್ದು ಬಾಲ್ಕನಿಗೆ ಹೋದರು. ಬಂದವರು 'ನನಗೂ ಹಾಗೇ ನೋಯ್ತಿತ್ತು' ಅಂದರು. ಹದಿಮೂರು ವರ್ಷದ ಸಂಸಾರದಲ್ಲಿ ಈ ಮಾತು ಮೊದಲ ಸಲ ಕೇಳಿದೆ. ಅವರು ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕಾರಣ ನಾನು ಯಾವತ್ತೂ ಕೇಳಿರಲಿಲ್ಲ.

ಮಗನ ಹತ್ತಿರ ಕೂತು ಹೇಳಿದೆ. ನಿನ್ನ ಕೈ ಕೆಟ್ಟಿಲ್ಲ, ತಲೆಯಿಂದ ಕೈಗೆ ಬರುವ ದಾರಿಯಲ್ಲಿ ಟ್ರಾಫಿಕ್ ಜಾಸ್ತಿ, ನಾವು ಬೇರೆ ದಾರಿ ಹುಡುಕೋಣ ಅಂತ. ಸ್ಕೇಲಿನಿಂದ ಹೊಡೆದದ್ದಕ್ಕೆ ಕ್ಷಮೆ ಕೇಳಿದೆ. 'ಎಲ್‌ಬಿಎಸ್ ರೋಡ್ ಥರ ಟ್ರಾಫಿಕ್ಕಾ?' ಅಂತ ಕೇಳಿದ. ಹೂಂ ಅಂದೆ.

ಟೀಚರ್, ನೀವು ಹೇಳಿದ ಹಾಗೇ ಮಾಡಿದೆ. ಪ್ರತಾಪಗಡದ ಕಥೆ ಒಂಬತ್ತು ನಿಮಿಷದ್ದು. ಮಿಸ್ ಸ್ಟಾಫ್ ರೂಮಿನಲ್ಲಿ ಪೂರ್ತಿ ಕೇಳಿದರು. ಅವನು ಅಜ್ಜಿಗೆ ಕನ್ನಡದಲ್ಲಿ ಹೇಳಿದ್ದು, ಅವರಿಗೆ ಅರ್ಥವಾಗಲಿಲ್ಲ. ಆದರೂ ನಿಲ್ಲಿಸಲು ಹೇಳಲಿಲ್ಲ. ಆಮೇಲೆ ಅವನನ್ನೇ ಕರೆಸಿ ಇಂಗ್ಲಿಷಿನಲ್ಲಿ ಕೇಳಿದರು, ಹೇಳಿದ. ಉತ್ತರ ಪತ್ರಿಕೆ ನೋಡುತ್ತಾ ತುಂಬಾ ಹೊತ್ತು ಸುಮ್ಮನಿದ್ದರು. ಈಗ ಬೋರ್ಡಿನ ಫೋಟೋ ದಿನಾ ಕಳಿಸುತ್ತಾರೆ. ಶಾಲೆಯ ಪತ್ರಕ್ಕೂ ಅವರೇ ಮಾತಾಡಿದ್ದಾರೆ.

ಘಾಟ್ಕೋಪರ್ ಅಣ್ಣ, ಸಯನ್‌ಗೆ ಒಂದು ಸಲ ಹೋಗಿ ಬಂದೆವು. ಕಣ್ಣಿಗೆ ಸಣ್ಣ ನಂಬರ್ ಇದೆ ಅಂತ ಗೊತ್ತಾಯಿತು, ಕನ್ನಡಕ ಬಂದಿದೆ. ಅದರಿಂದ ಬರಹ ಬದಲಾಗಿಲ್ಲ. ಮುಂದಿನ ಗುರುವಾರ ಕಿವಿ ಪರೀಕ್ಷೆ. ಹರಿದ ಕಾಪಿ ಪುಸ್ತಕಗಳನ್ನೆಲ್ಲಾ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೇನೆ, ಅಕ್ಕಿ ಡಬ್ಬದ ಹಿಂದೆ ಸಿಕ್ಕಿದ್ದನ್ನೂ.

ಓಟಿ ಅಕ್ಕ, ಒಂದು ಕೇಳಬೇಕು. ಫೈಲ್ ಇಟ್ಟು ಬರೆಸುತ್ತಿದ್ದೇನೆ, ಮೋಟು ಪೆನ್ಸಿಲ್ ಕೊಟ್ಟಿದ್ದೇನೆ. ರವೆಯಲ್ಲಿ ಡಿ ಸರಿಯಾಗಿ ಬರುತ್ತದೆ, ಹಾಳೆಗೆ ಬಂದ ಕೂಡಲೇ ಮತ್ತೆ ಬಿ ಆಗುತ್ತದೆ. ನಾನು ಬೇಗ ಹಾಳೆಗೆ ತಂದೆನಾ?

ಪುಣೆ ಓಟಿ

ಹೌದು ತಂಗಿ, ಸ್ವಲ್ಪ ಬೇಗ ಆಯಿತು. ನಡುವೆ ಪಾಟಿ ಬಿಟ್ಟಿದ್ದೀರಿ ಅನ್ನಿಸುತ್ತದೆ. ಇನ್ನು ಎರಡು ವಾರ ಪಾಟಿಯಲ್ಲೇ ಇರಲಿ. ಬಳಪದಿಂದ ನೀವು ದೊಡ್ಡದಾಗಿ ಡಿ ಬರೆಯಿರಿ, ಅವನು ಒದ್ದೆ ಬೆರಳಿನಿಂದ ಅದರ ಮೇಲೇ ತಿದ್ದಿ ಅಳಿಸಲಿ, ಒಣಗುವ ಮೊದಲು ಒದ್ದೆ ಗುರುತಿನ ಮೇಲೆ ಬಳಪದಿಂದ ತಾನೇ ಬರೆಯಲಿ. ದಿನಕ್ಕೆ ಐದು ಸಲ ಸಾಕು. ಆ ಎರಡು ವಾರ ಹಾಳೆಯಲ್ಲಿ ಬಿ ಬಂದರೂ ತಿದ್ದಬೇಡಿ. ಗುರುವಾರ ಕಿವಿ ಪರೀಕ್ಷೆ ಆದ ಮೇಲೆ ಬರೆಯಿರಿ.